ಯಜಮಾನನ ಪಾಲು

ವಿಮಾನವೆಂಬುದಕ್ಕೆ ನಮ್ಮ ಪುರಾಣಗಳಲ್ಲಿ ಕಾಣುವ ಮೊದಲ ಒಡೆಯನು ಧನಾಧಿಪತಿಯಾದ ಕುಬೇರ. ಬ್ರಹ್ಮನು ಪ್ರೀತನಾಗಿ ಕೊಟ್ಟ ಪುಷ್ಪಕವು ಅವನ ಕೈಯಲ್ಲಿ ಉಳಿಯಲಿಲ್ಲ. ತಂದೆಯ ಮಾತಿಗೆ ಕಟ್ಟುಬಿದ್ದು ಲಂಕೆಯನ್ನು ತಮ್ಮನಿಗೆ ಬಿಟ್ಟು ಕೈಲಾಸದ ಕಡೆಗೆ ಹೋದವನನ್ನು ಅಲ್ಲಿಗೂ ಅಟ್ಟಿಕೊಂಡು ಬಂದ ರಾವಣನು, ಸೋಲಿಸಿ, ವಿಮಾನವನ್ನು ಕಸಿದುಕೊಂಡು ಹೋದನು. ಅದು ಹಿಂದಿರುಗಿ ಯಜಮಾನನ ಬಾಗಿಲಿಗೆ ಬಂದದ್ದು, ಯುದ್ಧವೆಲ್ಲ ಮುಗಿದು, ರಾಮನು ಅಯೋಧ್ಯೆಯನ್ನು ಸೇರಿ, ಇನ್ನು ಇದು ತನಗೆ ಬೇಡವೆಂದು ಕಳುಹಿಸಿಕೊಟ್ಟ ಮೇಲೆ. ಆ ಪುಷ್ಪಕದಲ್ಲಿ ಎಷ್ಟು ಮಂದಿ ಹತ್ತಿ ಕುಳಿತರೂ ಇನ್ನೊಬ್ಬನಿಗೆ ಸ್ಥಳವಿದ್ದೇ ಇರುತ್ತಿತ್ತೆಂದು ನಮ್ಮ ಅಜ್ಜಿ ಕಥೆ ಹೇಳುವಾಗ ನಾವು ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಈಗ ಆಲೋಚಿಸಿದರೆ, ಎಂದಿಗೂ ತುಂಬದ ಆ ಒಂದು ಆಸನದ ನಷ್ಟವನ್ನು ಯಾವ ಲೆಕ್ಕಕ್ಕೆ ಬರೆಯುತ್ತಿದ್ದನೋ ಎಂದು ಕುಬೇರನ ಕರಣಿಕನ ಮೇಲೆ ಮರುಕ ಹುಟ್ಟುತ್ತದೆ.

ಈ ಅಧಿಕಪ್ರಸಂಗಕ್ಕೆ ಕಾರಣನಾದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು ಕಳೆದ ದಸರೆಗೆ ಮೈಸೂರಿಗೆ ಬಂದಿದ್ದಾಗ, ಆಯುಧಪೂಜೆಯ ಮಧ್ಯಾಹ್ನ ಊಟ ಮುಗಿಸಿ ನಾವು ಮೂವರೂ ಎಲೆಯಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಜಗುಲಿಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ, ಮೊಬೈಲಿನಿಂದ ತಲೆಯೆತ್ತಿ, "ಮಾವ, ವಿಮಾನದ ಕಂಪೆನಿ ಷೇರು ತಗೊಂಡ್ರೆ ಒಳ್ಳೇದಾ?" ಎಂದು ಕೇಳಿದನು. ನಾನು ಉತ್ತರ ಹುಡುಕುವಷ್ಟರಲ್ಲಿ ಅವನ ತಂದೆ, ಎಂದರೆ ನನ್ನ ಭಾವ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು, ಅಡಕತ್ತರಿಯನ್ನು ಕೆಳಗಿಟ್ಟು ಒಳಕ್ಕೆ ಹೋಗಿ ಒಂದು ಲಕೋಟೆಯನ್ನು ತಂದು ಮಗನ ಮುಂದೆ ಇಟ್ಟರು. ಡಿಮ್ಯಾಟ್ ಖಾತೆಯ ವಿವರಪಟ್ಟಿ ಅದು. ಮೇಲಿನ ನಾಲ್ಕಾರು ಸಾಲುಗಳನ್ನು ದಾಟಿ ಬಂದರೆ ಕಡೆಯ ಸಾಲಿನಲ್ಲಿ ಒಂದು ವಿಮಾನ ಕಂಪೆನಿಯ ಹೆಸರು (ಅದು ಇಲ್ಲಿ ಬೇಡ, ಹೋದವರ ಹೆಸರೆತ್ತಿ ಆಡಬಾರದು), ಅದರ ಮುಂದೆ ಷೇರುಗಳು ಮುನ್ನೂರೆಂದು, ಅದರಾಚೆ ಬೆಲೆಯ ಅಂಕಣದಲ್ಲಿ ಒಂದು ಸೊನ್ನೆ, ಒಂದು ಚುಕ್ಕೆ, ಮತ್ತೆರಡು ಸೊನ್ನೆ. "ಮುನ್ನೂರನ್ನ ಸೊನ್ನೆಯಿಂದ ಗುಣಿಸು" ಎಂದರು ಭಾವ. ಒಳಗಿನಿಂದ ಅಕ್ಕನ ದನಿ ಬಂದಿತು: "ಆ ಅರಿಯರ್ಸ್ ದುಡ್ಡಲ್ಲಿ ಹಿತ್ತಿಲ ಕಡೆ ತಾರಸಿ ಆಗಿಹೋಗ್ತಿತ್ತು."

ಲಾಭ ಬರುತ್ತದೆಯೇ ಎಂದು ಹುಡುಗನು ಕೇಳಿದ್ದರೆ ಆ ಲಕೋಟೆಯೇ ಉತ್ತರವಾಗಿ, ನಾನು ಲೇಖನಿಯನ್ನು ಹಿಡಿಯುವ ಪ್ರಮೇಯವಿರುತ್ತಿರಲಿಲ್ಲ. ಅವನು ಕೇಳಿದ್ದು ಒಳ್ಳೆಯದೇ ಎಂದು. ಆ ಮಾತನ್ನು ಅವನು ತೂಗಿ ಆಡಿದ್ದಲ್ಲವೆಂಬುದನ್ನು ಬಲ್ಲೆ. ಆದರೂ ಬಾಯಿಂದ ಬಿದ್ದ ಮಾತು ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಒಳ್ಳೆಯದೆಂದರೆ ಶ್ರೇಯಸ್ಸೋ ಪ್ರೇಯಸ್ಸೋ, ಹಣ ಹಾಕಿದವನಿಗೆ ಒಳ್ಳೆಯದೋ ಆ ಹಣದಿಂದ ನಡೆದ ಕೆಲಸವು ಯಾರನ್ನು ಮುಟ್ಟಿತೋ ಅವರಿಗೆ ಒಳ್ಳೆಯದೋ, ಮೊದಲನೆಯದು ಆಗದೆ ಎರಡನೆಯದು ಮಾತ್ರವೇ ಆಗುವುದಾದರೆ ಅದಕ್ಕೆ ನಷ್ಟವೆಂದು ಹೆಸರಿಡಬೇಕೋ ಧರ್ಮವೆಂದು ಹೆಸರಿಡಬೇಕೋ, ಇವೆಲ್ಲ ಷೇರುಪೇಟೆಯ ದಲ್ಲಾಳಿಯನ್ನು ಕೇಳತಕ್ಕ ಪ್ರಶ್ನೆಗಳಲ್ಲ. ಗೃಹಸ್ಥನಾದವನಿಗೆ ಅರ್ಥಸಂಪಾದನೆ ನಿಷಿದ್ಧವಲ್ಲವಷ್ಟೆ. ಅರ್ಥವು ಪುರುಷಾರ್ಥಗಳಲ್ಲಿ ಒಂದು. ಆದರೆ ಅದನ್ನು ಧರ್ಮಕ್ಕೂ ಕಾಮಕ್ಕೂ ನಡುವೆ ಕೂರಿಸಿದ ಹಿರಿಯರು, ಆ ಕಡೆಗೂ ಈ ಕಡೆಗೂ ಜಾರುವ ವಸ್ತು ಅದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಹಣದ ವಿಷಯದಲ್ಲಿ ಆ ಹಿರಿಯರು ನಾವು ಭಾವಿಸಿರುವುದಕ್ಕಿಂತ ಹೆಚ್ಚು ಲೆಕ್ಕಾಚಾರದವರು. 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಡ್ಡಿಯ ದರಗಳನ್ನು ಹೇಳುವ ಒಂದು ಕಡೆ ಇದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿ. ವ್ಯಾಪಾರದ ಸಾಲಕ್ಕೆ ಐದು. ಕಾಡುದಾರಿಯಲ್ಲಿ ಸರಕು ಸಾಗಿಸುವವನಿಗೆ ಹತ್ತು. ಸಮುದ್ರದ ಮೇಲೆ ಹೋಗುವವನಿಗೆ ಇಪ್ಪತ್ತು. ಈ ಹತ್ತು ಇಪ್ಪತ್ತರ ಲೆಕ್ಕವನ್ನು ಯಾಜ್ಞವಲ್ಕ್ಯಸ್ಮೃತಿಯೂ ಹೇಳುತ್ತದೆ. ಆ ಸ್ಮೃತಿಗೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆಂದು ನಾವು ಕರೆಯುವ ಕಲ್ಯಾಣಪಟ್ಟಣದಲ್ಲಿ ಕುಳಿತು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಇಷ್ಟು ಹೆಚ್ಚಿನ ಬಡ್ಡಿ ಏಕೆಂಬುದಕ್ಕೆ ಕೊಡುವ ಕಾರಣ ಒಂದೇ: ಅಲ್ಲಿ ಅಸಲೇ ಮುಳುಗಿಹೋಗುವ ಶಂಕೆಯುಂಟು. ಎಂಥ ತಿಳಿಯಾದ ಮಾತು! ಹಡಗು ಮುಳುಗಬಹುದೆಂಬ ಭಯಕ್ಕೆ ಬೆಲೆ ಕಟ್ಟಿ, ಅದನ್ನು ಭೂಮಿಯ ಮೇಲಣ ಭಯದ ನಾಲ್ಕರಷ್ಟೆಂದು ನಿಗದಿಮಾಡಿ, ಆ ಮೇಲೆ ಅದನ್ನು ಧರ್ಮಶಾಸ್ತ್ರದೊಳಕ್ಕೆ ಸೇರಿಸಿಕೊಂಡವರು ಇವರು.

ನೆಲಕ್ಕೆ ಐದು, ಅಡವಿಗೆ ಹತ್ತು, ಕಡಲಿಗೆ ಇಪ್ಪತ್ತಾದರೆ ಆಕಾಶಕ್ಕೆ ಎಷ್ಟಾಗಬೇಕು? ಸಾಲದ ಬಡ್ಡಿ ಬೇರೆ, ವ್ಯಾಪಾರದ ಪಾಲು ಬೇರೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಅಪಾಯಕ್ಕೆ ತಕ್ಕ ಪ್ರತಿಫಲವೆಂಬ ನ್ಯಾಯ ಎರಡಕ್ಕೂ ಒಂದೇ. ಆ ನ್ಯಾಯದ ಪ್ರಕಾರ ಗಗನಮಾರ್ಗದ ವ್ಯಾಪಾರದಲ್ಲಿ ಹಣವಿಟ್ಟವನಿಗೆ ಎಲ್ಲರಿಗಿಂತ ಹೆಚ್ಚಿನ ಪ್ರತಿಫಲ ಸಲ್ಲಬೇಕಾಗಿತ್ತು. ನಡೆದಿರುವುದು ಅದಕ್ಕೆ ತೀರ ವಿರುದ್ಧ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿಹಾಕಿನ ಮರಳದಿಣ್ಣೆಯ ಬಳಿ ರೈಟ್ ಸಹೋದರರ ಯಂತ್ರವು ಹನ್ನೆರಡು ಸೆಕೆಂಡುಗಳ ಕಾಲ ನೂರಿಪ್ಪತ್ತು ಅಡಿ ಹಾರಿದಂದಿನಿಂದ ಇಂದಿನವರೆಗೆ, ಹಾರಾಟದ ವ್ಯಾಪಾರವೆಂಬುದು ಸಮುದ್ರದ ಅಪಾಯವನ್ನು ಹೊತ್ತು, ಧರ್ಮ್ಯವಾದ ಬಡ್ಡಿಯಷ್ಟನ್ನೂ ಯಜಮಾನನಿಗೆ ನೆಟ್ಟಗೆ ಕೊಡಲಾರದ ವ್ಯಾಪಾರವಾಗಿಯೇ ಬಂದಿದೆ. ಲೋಕವನ್ನೆಲ್ಲ ಸುತ್ತಿದ ಪ್ಯಾನ್ ಆಮ್ ಕಂಪೆನಿ 1991ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿತು. ಹಾರುವ ಬ್ಯಾಂಕೆಂದೇ ಹೆಸರು ಪಡೆದಿದ್ದ ಸ್ವಿಸ್ ಏರ್, 2001ರ ಅಕ್ಟೋಬರ್ 2ರಂದು ತೈಲಕ್ಕೆ ಕೊಡಲು ಹಣವಿಲ್ಲದೆ ನೆಲದ ಮೇಲೆ ನಿಂತುಬಿಟ್ಟಿತು. ಹಣ ಹೂಡುವ ವಿದ್ಯೆಯಲ್ಲಿ ಲೋಕಪ್ರಸಿದ್ಧರಾದ ವಾರೆನ್ ಬಫೆಟ್ 1989ರಲ್ಲಿ ಯುಎಸ್ ಏರ್ ಕಂಪೆನಿಯಲ್ಲಿ 35.8 ಕೋಟಿ ಡಾಲರುಗಳನ್ನಿಟ್ಟು, ಅದು ತಪ್ಪಾಯಿತೆಂದು ತಮ್ಮ ಷೇರುದಾರರ ಮುಂದೆ ಒಪ್ಪಿಕೊಂಡು, ಕಿಟಿಹಾಕಿನಲ್ಲಿ ಅಂದು ದೂರದರ್ಶಿಯಾದ ಬಂಡವಾಳಗಾರನೊಬ್ಬನು ಇದ್ದಿದ್ದರೆ ಆರ್ವಿಲ್ ರೈಟನ ಯಂತ್ರವನ್ನು ಹೊಡೆದುರುಳಿಸಿ ಮುಂದಿನವರಿಗೆ ಉಪಕಾರ ಮಾಡುತ್ತಿದ್ದನೆಂಬ ಅರ್ಥದ ಹಾಸ್ಯವನ್ನೂ ಆಡಿದರು. ಅಷ್ಟೆಲ್ಲ ಆಡಿದವರು 2016ರಲ್ಲಿ ಅಮೆರಿಕದ ನಾಲ್ಕು ದೊಡ್ಡ ವಿಮಾನ ಕಂಪೆನಿಗಳ ಷೇರುಗಳನ್ನು ಮತ್ತೆ ಕೊಂಡು, 2020ರಲ್ಲಿ ಕೊರೋನಾ ಬಂದೊಡನೆ ನಾಲ್ಕನ್ನೂ ಮಾರಿ ಕೈ ತೊಳೆದುಕೊಂಡರು. ಒಮ್ಮೆ ಸುಟ್ಟ ಬೆರಳು ಮತ್ತೆ ಅದೇ ದೀಪದ ಕಡೆಗೆ ಹೋಗುವುದೆಂದರೆ ಆ ದೀಪದಲ್ಲಿ ಏನೋ ಇರಬೇಕು.

ನಮ್ಮ ದೇಶದ ಕಥೆಯ ಆರಂಭ ಮಾತ್ರ ಬಹಳ ಸೌಮ್ಯವಾದದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ಅಹಮದಾಬಾದಿನ ಮೇಲೆ ಮುಂಬಯಿಗೆ ಹಾರಿ ಬಂದರು. ಅಲ್ಲಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಭಾರತದ ವಿಮಾನಸಂಚಾರದ ಮೊದಲ ಪುಟದಲ್ಲಿ ಬಳ್ಳಾರಿಯ ಬಿಸಿಲೂ ಸೇರಿದೆಯೆಂಬುದು ನನಗೆ ಸಂತೋಷದ ಸಂಗತಿ. ಆ ಪುಟ್ಟ ಅಂಚೆಯ ವ್ಯವಹಾರ ಬೆಳೆದು ಏರ್ ಇಂಡಿಯಾ ಆಗಿ, 1953ರಲ್ಲಿ ಸರ್ಕಾರದ ಸ್ವತ್ತಾಗಿ, ಸಾಲದ ಮೇಲೆ ಸಾಲ ಬೆಳೆದು, 2022ರ ಜನವರಿಯಲ್ಲಿ ಮತ್ತೆ ಟಾಟಾ ಮನೆಯನ್ನು ಸೇರಿತು; ಪುಷ್ಪಕವು ಕುಬೇರನಲ್ಲಿಗೆ ಹಿಂದಿರುಗಿದಂತೆಯೇ ಸರಿ. ಸ್ವಂತದ ಕಂಪೆನಿಗಳಿಗೆ ಬಾಗಿಲು ತೆರೆದ ಮೇಲಣ ಮೂವತ್ತು ವರ್ಷಗಳ ಚರಿತ್ರೆಯನ್ನು ನಾನು ವಿಸ್ತರಿಸುವುದಿಲ್ಲ. 2005ರಲ್ಲಿ ಷೇರೊಂದಕ್ಕೆ 1,100 ರೂಪಾಯಿಗಳಂತೆ ಸಾರ್ವಜನಿಕರಿಗೆ ಮಾರಿದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟವನ್ನು ನಿಲ್ಲಿಸಿತು. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮುರಿದು ಮಾರಿಬಿಡಿರೆಂದು ಆಜ್ಞೆಮಾಡಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಕಿಂಗ್‌ಫಿಷರಿನ ಮಾತು ಮುಂದೆ ಬರುತ್ತದೆ.

ಇಷ್ಟು ಬುದ್ಧಿವಂತರು ಕೂಡಿ ನಡೆಸುವ ವ್ಯಾಪಾರದಲ್ಲಿ ಹೀಗೇಕಾಗಬೇಕೆಂಬುದನ್ನು ತಿಳಿಯಲು ಸಂಜೆ ಏಳರ ಮೇಲೆ ನಮ್ಮ ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪಿನವಳ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಬೆಳಿಗ್ಗೆ ಕಟ್ಟಿಗೆ ಇಪ್ಪತ್ತು ಎಂದವಳು, ದೀಪ ಹತ್ತಿದ ಮೇಲೆ ಇಪ್ಪತ್ತಕ್ಕೆ ಮೂರು ಎನ್ನುತ್ತಾಳೆ. ಪಕ್ಕದವಳು ನಾಲ್ಕು ಎಂದರೆ ಇವಳು ಐದು ಎನ್ನುತ್ತಾಳೆ. ನಾಳೆಗೆ ಅದು ಬಾಡುವ ಸರಕು. ಆದರೂ ಸೊಪ್ಪಿನವಳಿಗೆ ನೀರು ಚಿಮುಕಿಸಿ, ಒದ್ದೆ ಗೋಣಿಯನ್ನು ಹೊದೆಸಿ ಒಂದು ರಾತ್ರಿಯನ್ನು ಕಳೆಯುವ ಉಪಾಯವಾದರೂ ಉಂಟು. ವಿಮಾನದ ಆಸನಕ್ಕೆ ಅದೂ ಇಲ್ಲ. ಬಾಗಿಲು ಮುಚ್ಚಿದ ಕ್ಷಣಕ್ಕೆ, ತುಂಬದ ಆಸನದ ಬೆಲೆ ಶಾಶ್ವತವಾಗಿ ಸೊನ್ನೆ. ವಿಮಾನ ಹಾರುವುದಂತೂ ನಿಶ್ಚಯ, ಅದರ ಬಾಡಿಗೆ, ತೈಲ, ಸಂಬಳಗಳು ನಿಶ್ಚಯ. ಇನ್ನೊಬ್ಬನು ಹತ್ತಿದ್ದರಿಂದ ಆಗುವ ಹೆಚ್ಚಿನ ಖರ್ಚು ತೃಣಪ್ರಾಯ. ಆದುದರಿಂದ ಕಡೆಗಳಿಗೆಯಲ್ಲಿ ಎಷ್ಟು ಬಂದರೆ ಅಷ್ಟಕ್ಕೆ ಕೊಟ್ಟುಬಿಡುವುದು ಪ್ರತಿಯೊಬ್ಬನಿಗೂ ಲಾಭವಾಗಿ ಕಂಡು, ಎಲ್ಲರೂ ಹಾಗೆ ಕೊಟ್ಟಾಗ ಎಲ್ಲರಿಗೂ ನಷ್ಟವಾಗಿ ಮುಗಿಯುತ್ತದೆ. ಬರುವ ಹಣ ರೂಪಾಯಿಯಲ್ಲಿ, ಹೋಗುವ ಬಾಡಿಗೆ ಡಾಲರಿನಲ್ಲಿ. ನಮ್ಮ ದೇಶದಲ್ಲಿ ಖರ್ಚಿನ ಸುಮಾರು ಮೂರನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ತೈಲವೊಂದಕ್ಕೇ. ಎಲ್ಲವೂ ಸರಿಯಾಗಿ ನಡೆದ ವರ್ಷದಲ್ಲಿ, 2024ರಂಥ ಒಳ್ಳೆಯ ವರ್ಷದಲ್ಲಿ, ಜಗತ್ತಿನ ವಿಮಾನ ಕಂಪೆನಿಗಳಿಗೆ ಒಬ್ಬ ಪ್ರಯಾಣಿಕನಿಂದ ಉಳಿದ ಲಾಭ ಸುಮಾರು ಆರು ಡಾಲರುಗಳೆಂದು ಅವುಗಳ ಸಂಘವೇ ಅಂದಾಜು ಮಾಡಿತು. ವಿಮಾನನಿಲ್ದಾಣದೊಳಗೆ ಒಂದು ದೋಸೆ ತಿಂದು ಕಾಫಿ ಕುಡಿದರೆ ತೀರಿಹೋಗುವ ಮೊತ್ತವದು. ಆ ದೋಸೆಯ ಅಂಗಡಿಯವನಿಗೆ ಅದರಲ್ಲಿ ಹೆಚ್ಚು ಉಳಿದರೂ ಉಳಿದೀತು.

ಈ ಮಾತಿನಿಂದಲೇ ನನಗೆ ಯಜ್ಞದ ನೆನಪಾಗುವುದು. ಯಾಗವೆಂದರೇನು, ಅದರ ಫಲ ಯಾರಿಗೆ ಎಂಬ ವಿಚಾರದಲ್ಲಿ ಜೈಮಿನಿಯ ಸಂಪ್ರದಾಯದ ಮೀಮಾಂಸಕರು ಕೂದಲು ಸೀಳುವಂತೆ ಚರ್ಚಿಸಿದ್ದಾರೆ. ಮಂತ್ರ ಹೇಳುವವರು, ಹವಿಸ್ಸನ್ನು ಹಾಕುವವರು, ಕೈಕೆಲಸವನ್ನೆಲ್ಲ ನೋಡಿಕೊಳ್ಳುವವರು ಋತ್ವಿಜರು. ಯಜಮಾನನು ಮಾಡುವುದು ಮುಖ್ಯವಾಗಿ ಒಂದೇ ಕೆಲಸ, ತನ್ನ ದ್ರವ್ಯವನ್ನು ಇದು ನನ್ನದಲ್ಲವೆಂದು ಬಿಡುವುದು. ಹಾಗಿದ್ದರೂ ಸ್ವರ್ಗವೆಂಬ ಫಲ ಯಜಮಾನನಿಗೇ ಹೊರತು ಋತ್ವಿಜರಿಗಲ್ಲ. ಏಕೆಂದರೆ ಅವರಿಗೆ ಕೊಡುವ ದಕ್ಷಿಣೆಯು ದಾನವಲ್ಲ. ಅವರ ಶ್ರಮವನ್ನು ಕೊಂಡುಕೊಳ್ಳುವ ಕ್ರಯ. ಕೊಂಡ ಶ್ರಮದ ಫಲ ಕೊಂಡವನದು. ಇನ್ನು ಇಂದು ಮಾಡಿದ ಯಾಗವು ಎಂದೋ ಬರುವ ಸ್ವರ್ಗವನ್ನು ಹೇಗೆ ತಂದೀತು, ನಡುವಣ ಕಾಲದಲ್ಲಿ ಅದು ಎಲ್ಲಿರುತ್ತದೆ ಎಂದರೆ, ಕಣ್ಣಿಗೆ ಕಾಣದ ಅಪೂರ್ವವೆಂಬ ಶಕ್ತಿಯಾಗಿ ಯಜಮಾನನಲ್ಲಿ ನಿಂತಿರುತ್ತದೆ ಎನ್ನುತ್ತಾರೆ. ಷೇರಿನ ಬೆಲೆಯೆಂಬ ವಸ್ತುವಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ವಿಮಾನ ಕಂಪೆನಿಯ ಯಾಗಶಾಲೆಯೊಳಕ್ಕೆ ಈಗ ಇಣುಕಿ ನೋಡಬಹುದು. ವಿಮಾನ ಕಟ್ಟುವವರು ಜಗತ್ತಿನಲ್ಲಿ ಮುಖ್ಯವಾಗಿ ಇಬ್ಬರೇ, ಬೋಯಿಂಗ್ ಮತ್ತು ಏರ್‌ಬಸ್. ಅವರು ಮುಂಗಡವಿಲ್ಲದೆ ಮಾತನಾಡುವುದಿಲ್ಲ. ಯಂತ್ರ ಮಾಡುವವರು ಮೂರು ನಾಲ್ಕು ಮಂದಿ. ವಿಮಾನವನ್ನು ಬಾಡಿಗೆಗೆ ಕೊಡುವವರು ತಿಂಗಳ ಬಾಡಿಗೆ ತಪ್ಪಿದರೆ ವಿಮಾನವನ್ನೇ ಹಾರಿಸಿಕೊಂಡು ಹೋಗುವ ಹಕ್ಕುಳ್ಳವರು. ತೈಲದ ಕಂಪೆನಿ ಸಾಲ ನಿಲ್ಲಿಸಿದರೆ ಆ ದಿನವೇ ಹಾರಾಟ ನಿಲ್ಲುತ್ತದೆ. ಆ ತೈಲದ ಮೇಲೆ ರಾಜ್ಯಸರ್ಕಾರಕ್ಕೆ ತೆರಿಗೆ. ಇಳಿಯುವುದಕ್ಕೆ, ನಿಲ್ಲುವುದಕ್ಕೆ ನಿಲ್ದಾಣದವರಿಗೆ ಶುಲ್ಕ. ಇವರೆಲ್ಲರೂ ಋತ್ವಿಜರು, ದಕ್ಷಿಣೆಯನ್ನು ಮೊದಲೇ ಎಣಿಸಿ ತೆಗೆದುಕೊಂಡು ಪೂರ್ಣಾಹುತಿಗೆ ಕುಳಿತವರು. ಅದರಲ್ಲಿ ಅಧರ್ಮವೇನೂ ಇಲ್ಲ. ಯಾಗ ಕೆಟ್ಟರೆ ಉಳಿದ ಸಾಮಗ್ರಿಯಲ್ಲಿ ಮೊದಲ ಹಕ್ಕು ಸಾಲ ಕೊಟ್ಟವರದು, ಕೆಲಸಗಾರರದು. ಸಾಲಿನ ಕೊನೆಯಲ್ಲಿ ನಿಂತವನು ಷೇರುದಾರ. ಸ್ವರ್ಗದ ಗತಿ ಏನಾಯಿತೆಂದರೆ, ಇಲ್ಲಿ ನಡೆದಿರುವ ವಿಪರ್ಯಾಸಕ್ಕೆ ಜೈಮಿನಿಯಲ್ಲಿ ಸೂತ್ರವಿಲ್ಲ: ದ್ರವ್ಯವನ್ನು ಬಿಟ್ಟವನು ನೆಲದ ಮೇಲೆ ಉಳಿದು, ದಾರಿಯಲ್ಲಿ ಹೋಗುತ್ತಿದ್ದ ಅತಿಥಿಗಳು ಟಿಕೀಟು ಹಿಡಿದು ಸಾಕ್ಷಾತ್ತಾಗಿ ಆಕಾಶಕ್ಕೆ ಏರಿದರು.

ಯಾಗಗಳಲ್ಲಿ ವಿಶ್ವಜಿತ್ತೆಂಬುದೊಂದು ಉಂಟು. ಅದರಲ್ಲಿ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಟ್ಟುಬಿಡಬೇಕು. ರಘುಮಹಾರಾಜನು ಅದನ್ನು ಮಾಡಿ ಮುಗಿಸಿದಾಗ, ಬೇಡಲು ಬಂದ ಕೌತ್ಸನಿಗೆ ಅರ್ಘ್ಯ ಕೊಡಲು ಅವನಲ್ಲಿ ಉಳಿದಿದ್ದುದು ಮಣ್ಣಿನ ಪಾತ್ರೆಯೊಂದೇ. ನಚಿಕೇತನ ತಂದೆಯೂ ಸರ್ವಸ್ವದಾನಕ್ಕೆ ಹೊರಟವನು. ಆದರೆ ಅವನು ಕೊಟ್ಟದ್ದು ನೀರು ಕುಡಿದು ಮುಗಿಸಿದ, ಹುಲ್ಲು ಮೇದು ಮುಗಿಸಿದ, ಇನ್ನು ಕರೆಯಲಾರದ ಬಡಕಲು ಹಸುಗಳನ್ನು. ಬೆಂಗಳೂರನ್ನು ತವರಾಗಿಟ್ಟುಕೊಂಡು 2005ರ ಮೇ ತಿಂಗಳಲ್ಲಿ ಹಾರತೊಡಗಿದ ಕಿಂಗ್‌ಫಿಷರ್ ಕಂಪೆನಿ, ಹಾರಿದಷ್ಟು ಕಾಲ ಒಂದು ವರ್ಷವೂ ಲಾಭವನ್ನು ಕಾಣದೆ 2012ರ ಅಕ್ಟೋಬರಿನಲ್ಲಿ ನಿಂತಿತು. ಅದು ಸಾಲ ಕೊಟ್ಟ ಬ್ಯಾಂಕುಗಳ ಕೈಗೆ ಒಪ್ಪಿಸಿದ್ದ ಒತ್ತೆಗಳಲ್ಲಿ ತನ್ನ ಹೆಸರು, ಲಾಂಛನಗಳೂ ಸೇರಿದ್ದವು. 2016ರಲ್ಲಿ ಅವನ್ನು ಹರಾಜಿಗೆ ಇಟ್ಟಾಗ ಕೂಗುವವರೇ ಬರಲಿಲ್ಲ. ಆ ಹಸು ಯಾವ ಬಗೆಯದೆಂದು ಬಾಲಕ ನಚಿಕೇತನಾದರೆ ಕೇಳುತ್ತಿದ್ದನು. ಬ್ಯಾಂಕುಗಳ ಹಿರಿಯರು ಕೇಳಿದ್ದು ತಡವಾಗಿ.

ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಕಥೆ ಇದಕ್ಕೆ ಪಕ್ಕದಲ್ಲಿದ್ದರೂ ಅದರ ರಸ ಬೇರೆ. ಸೈನ್ಯವನ್ನು ಬಿಟ್ಟು ಬಂದು ಹಾಸನದ ಸೀಮೆಯಲ್ಲಿ ಬೇಸಾಯ ಮಾಡಿದ ಅವರು 2003ರಲ್ಲಿ ಏರ್ ಡೆಕ್ಕನ್ ಕಂಪೆನಿಯ ಮೊದಲ ವಿಮಾನವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದರು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣರ ಸಾಮಾನ್ಯ ಮನುಷ್ಯ, ಅದೇ ಚೌಕಳಿಯ ಕೋಟು, ಪಂಚೆಗಳೊಡನೆ, ಆ ಕಂಪೆನಿಯ ಗುರುತಾದನು. ಒಂದು ರೂಪಾಯಿಗೆ ಟಿಕೀಟು ಎಂದಾಗ ದೇಶವೇ ಬೆರಗಾಯಿತು. 2006ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದ ಆ ಕಂಪೆನಿ, 2008ರಲ್ಲಿ ಕಿಂಗ್‌ಫಿಷರಿನೊಳಗೆ ಕರಗಿ, ಅದರ ಗತಿಯನ್ನೇ ತನ್ನ ಗತಿಯಾಗಿ ಮಾಡಿಕೊಂಡಿತು. ಯಜಮಾನರ ಪಾಲನ್ನು ಅಳೆದರೆ ಅಲ್ಲಿ ಉಳಿದದ್ದು ಅತ್ಯಲ್ಪ. ಆದರೆ ಅಂದಿನಿಂದ ವಿಮಾನವೆಂಬುದು ಸಾಹೇಬರ ವಾಹನವಾಗಿ ಉಳಿಯಲಿಲ್ಲವೆಂಬುದನ್ನು ಯಾವ ಲೆಕ್ಕಪತ್ರದ ಯಾವ ಅಂಕಣದಲ್ಲಿ ಬರೆಯಬೇಕು?

ನ್ಯಾಯಕ್ಕಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. 2006ರಲ್ಲಿ ಆರಂಭವಾದ ಇಂಡಿಗೋ ಕಂಪೆನಿ 2015ರ ನವೆಂಬರಿನಲ್ಲಿ 765 ರೂಪಾಯಿಗೆ ಮಾರಿದ ಷೇರು, ಹತ್ತು ವರ್ಷ ತುಂಬುವ ಮೊದಲೇ 5,000 ರೂಪಾಯಿಗಳನ್ನು ದಾಟಿತು. ಉಳಿದವರು ರಾಜರಂತೆ ನಡೆದರೆ ಇವರು ಶೆಟ್ಟರಂತೆ ನಡೆದರು: ಬಹುಕಾಲ ಒಂದೇ ಜಾತಿಯ ವಿಮಾನ, ನೂರರ ಲೆಕ್ಕದಲ್ಲಿ ಒಟ್ಟಿಗೆ ಕೊಳ್ಳುವುದರಿಂದ ಬರುವ ಸೋಡಿ, ಕೊಂಡದ್ದನ್ನು ಮಾರಿ ಮತ್ತೆ ಬಾಡಿಗೆಗೆ ಹಿಡಿಯುವ ಜಾಣತನ, ಇಳಿದ ವಿಮಾನವನ್ನು ಅರ್ಧ ಗಂಟೆಯೊಳಗೆ ಮತ್ತೆ ಹತ್ತಿಸುವ ಅವಸರ. ಅಳಿಯನ ಮೊಬೈಲಿನಲ್ಲಿ ಹೊಳೆಯುತ್ತಿದ್ದ ಹೆಸರೂ ಇದೇ. ಆದರೆ ಗೆದ್ದೆತ್ತಿನ ಬಾಲ ಹಿಡಿಯುವುದು ಬೇರೆ, ಓಟಕ್ಕೆ ಮುಂಚೆ ಎತ್ತನ್ನು ಆರಿಸುವುದು ಬೇರೆ. 2006ರಲ್ಲಿ ನಮ್ಮ ಭಾವನಂಥವರು ಆರು ಎತ್ತುಗಳನ್ನು ಸಾಲಾಗಿ ನೋಡಿದಾಗ, ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ ಇದ್ದುದು ಬೇರೆಯದಕ್ಕೆ. ಅಲ್ಲದೆ, ಎಷ್ಟು ಚೆನ್ನಾಗಿ ನಡೆಸಿದರೂ, 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಣ ವಿಮಾನಸಂಚಾರವೆಲ್ಲ ಸ್ತಬ್ಧವಾದಂಥ ಕಾಲದಲ್ಲಿ ಜಾಣನೂ ದಡ್ಡನೂ ಒಂದೇ ಬಾಡಿಗೆಯನ್ನು ಕಟ್ಟಬೇಕು.

ಇಲ್ಲಿ ನಮ್ಮ ಚಿಕ್ಕಮ್ಮನ ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮೊಣಕಾಲು ನೋವಿನಿಂದ ಎರಡು ರಾತ್ರಿ ರೈಲಿನಲ್ಲಿ ಕೂರಲಾರದೆ ಕಾಶಿಯಾತ್ರೆಯ ಆಸೆಯನ್ನೇ ಕೈಬಿಟ್ಟಿದ್ದ ಅವರನ್ನು, ಕಂಪೆನಿಗಳು ಒಂದರೊಡನೊಂದು ಬಡಿದಾಡುತ್ತಿದ್ದ ಆ ಕಾಲದಲ್ಲಿ, ರೈಲಿನ ಎ.ಸಿ. ಟಿಕೀಟಿಗಿಂತ ಅಗ್ಗಕ್ಕೆ ಸಿಕ್ಕಿದ ಟಿಕೀಟಿನಲ್ಲಿ ನಾನು ಬೆಂಗಳೂರಿನಿಂದ ದೆಹಲಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಕಾಶಿಗೆ ಒಂದೇ ರಾತ್ರಿ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತವರು ಹೊಸ್ತಿಲಿಗೆ ಮಾಡುವಂತೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹಿಂದೆ ಸಾಲಿನಲ್ಲಿದ್ದವರು ಕಾಯಬೇಕಾಯಿತು. ಸೆರಗಿನೊಳಗೆ ಸ್ಟೀಲಿನ ಡಬ್ಬಿ, ಅದರಲ್ಲಿ ಕೋಡುಬಳೆ. ವಿಮಾನ ಓಡತೊಡಗಿದಾಗ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತದ ಗುರುತು ಬಹಳ ಹೊತ್ತು ಉಳಿದಿತ್ತು. ಬಾಯಲ್ಲಿ ರಾಮ ರಾಮ. ಆಮೇಲೆ ಹಿಡಿತ ಸಡಿಲವಾಯಿತು, ಕಿಟಕಿಗೆ ಹಣೆಯನ್ನು ಒತ್ತಿ ಬಹಳ ಹೊತ್ತು ಸುಮ್ಮನಿದ್ದವರು, ತಿರುಗಿ, "ಮೋಡ ಕೆಳಗಿದೆಯಲ್ಲೋ! ಸತ್ತ ಮೇಲೆ ಕಾಣೋದನ್ನ ಈಗಲೇ ಕಂಡಹಾಗಾಯ್ತು" ಎಂದರು. ಹಿಂದಿರುಗುವಾಗ ಮನೆಗೊಂದರಂತೆ ಗಂಗೆ ತುಂಬಿ ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಗಳನ್ನು ತಂದು ಹಂಚಿದರು.

ಆ ಕಂಪೆನಿಯೂ ಭಾವನ ಮುನ್ನೂರು ಷೇರುಗಳ ಕಂಪೆನಿಯೂ ಒಂದೇ. ಮುಂದೆ ಅದು ಮುಳುಗಿದಾಗ ಭಾವ ಹಾಳೆಯ ಮೇಲೆ ಲೆಕ್ಕ ಹಾಕಿ, ಅಂದು ಟಿಕೀಟನ್ನು ಅಸಲಿಗಿಂತ ಕಡಿಮೆಗೆ ಕೊಟ್ಟಿದ್ದರೆ ಅದರ ಕೊರೆಯನ್ನು ತುಂಬಿದವರು ತಮ್ಮಂಥವರೇ ಎಂದು ಸಿದ್ಧಮಾಡಿ, "ನಿಮ್ಮ ಚಿಕ್ಕಮ್ಮನ ಕಾಶಿಯಾತ್ರೆಯ ಪುಣ್ಯದಲ್ಲಿ ನನಗೂ ಒಂದು ಪಾಲಿದೆ" ಎಂದು ನಗೆಯಾಡಿದರು. ಚಿಕ್ಕಮ್ಮ ಆ ಮಾತನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. "ಇರಲಿ, ಅವರಿಗೇ ಸೇರಲಿ" ಎಂದರು.

ಸೇರುತ್ತದೆಯೇ? ನಾನು ಇದನ್ನು ಬಹಳ ಸಲ ಆಲೋಚಿಸಿದ್ದೇನೆ. ತನ್ನ ಸ್ವತ್ತಿನ ಮೇಲಣ ಒಡೆತನವನ್ನು ಬಿಟ್ಟು ಪರರ ಒಡೆತನವನ್ನು ಉಂಟುಮಾಡುವುದು ದಾನವೆಂದು ಶಾಸ್ತ್ರಕಾರರ ಲಕ್ಷಣ. ಭಾವನ ಒಡೆತನ ಹೋದದ್ದು ನಿಜ, ಚಿಕ್ಕಮ್ಮನಿಗೆ ಸಂದದ್ದು ನಿಜ. ಆದರೆ ನಡುವೆ ಸಂಕಲ್ಪವಿಲ್ಲ. ನೂರಕ್ಕೆ ಇನ್ನೂರಾದೀತೆಂದು ಇಟ್ಟ ಹಣ ಅದು. ಗೀತೆಯು ದಾನವನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ಪ್ರತಿಫಲದ ಆಸೆಯಿಂದ ಕೊಟ್ಟದ್ದನ್ನು ರಾಜಸವೆಂದು ಎಣಿಸುತ್ತದೆ. ಅದಾದರೂ ಕೊಡುವೆನೆಂದು ಕೊಟ್ಟದ್ದು. ಕೊಡುವೆನೆಂಬ ಭಾವವೇ ಇಲ್ಲದೆ ಜೇಬಿನಿಂದ ಸೋರಿಹೋದದ್ದಕ್ಕೆ ಆ ಪಂಕ್ತಿಯಲ್ಲಿ ಎಲೆಯಿಲ್ಲ. ನಿಷ್ಕಾಮಕರ್ಮವೆನ್ನೋಣವೆಂದರೆ, ಫಲವನ್ನು ಬಿಡುವುದು ಬೇರೆ, ಫಲವು ಸಿಗದೆ ಹೋಗುವುದು ಬೇರೆ. ಎಟುಕದ ಮಾವಿನಹಣ್ಣಿಗೆ ವೈರಾಗ್ಯವನ್ನು ಹೊದೆಸಬಾರದು. ಹಾಗೆಂದು ಚಿಕ್ಕಮ್ಮನ ಮಾತನ್ನು ತಳ್ಳಿಬಿಡಲೂ ನನಗೆ ಮನಸ್ಸು ಬಾರದು. ಕೊಟ್ಟವನಲ್ಲಿ ಇಲ್ಲದ ಸಂಕಲ್ಪವನ್ನು ಪಡೆದವಳು ತಾನೇ ಮಾಡಿ ಮುಗಿಸಬಹುದೆಂದು ಆಕೆ ನಂಬಿದ್ದರು. ಮೀಮಾಂಸಕರು ಒಪ್ಪಲಿಕ್ಕಿಲ್ಲ, ಮೀಮಾಂಸಕರಿಗೆ ಚಿಕ್ಕಮ್ಮಂದಿರು ಇದ್ದೇ ಇದ್ದರು, ಅವರು ಬರೆದಿಡಲಿಲ್ಲ, ಅಷ್ಟೆ.

ನನಗೆ ಇದಕ್ಕಿಂತ ಕಠಿಣವಾಗಿ ಕಾಣುವುದು ಅಕ್ಕ ಒಳಗಿನಿಂದ ಆಡಿದ ಮಾತು. ಕಲ್ಯಾಣದ ಹೆಸರು ಮೇಲೆ ಬಂದಿತಷ್ಟೆ. ವಿಜ್ಞಾನೇಶ್ವರನ ತರುವಾಯ ಅದೇ ಪಟ್ಟಣದಲ್ಲಿ ಬಾಳಿದವರು ಆಯ್ದಕ್ಕಿಯ ಮಾರಯ್ಯ, ಲಕ್ಕಮ್ಮ ದಂಪತಿಗಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮ ಪಾಲಿನದಲ್ಲವೆಂದು ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಆಕೆ ಎಣಿಸಿದ್ದು ಲಾಭವನ್ನಲ್ಲ, ಪಾಲನ್ನು. ಯಾವುದು ಯಾರ ಪಾಲೆಂಬುದನ್ನು ಮೊದಲು ಬಿಡಿಸಿಕೊಂಡರೆ, ಯಾವ ಕಂಪೆನಿಯ ಷೇರು ಎಂಬ ಪ್ರಶ್ನೆ ಬಹುಮಟ್ಟಿಗೆ ಹಗುರವಾಗುತ್ತದೆ. ಒಬ್ಬರು ನಂಬಿ ಇಟ್ಟ ಹಣಕ್ಕೆ ಸ್ಮೃತಿಗಳಲ್ಲಿ ನಿಕ್ಷೇಪವೆಂದು ಹೆಸರು. ಅದನ್ನು ಕಳೆದರೆ ರಾಜನ ಮುಂದೆ ನಿಲ್ಲಬೇಕು. ಸೋರುವ ಹಿತ್ತಿಲ ಮನೆಗೆಂದು ಹೆಂಡತಿಯ ಮನಸ್ಸಿನಲ್ಲಿ ಸಂದುಹೋಗಿದ್ದ ಹಣ, ಪುಸ್ತಕದಲ್ಲಿ ಗಂಡನ ಹೆಸರಿನಲ್ಲಿದ್ದರೂ, ನಿಕ್ಷೇಪವೇ. ಸಮುದ್ರಕ್ಕೆ ಇಪ್ಪತ್ತು ಪಣದ ಬಡ್ಡಿಯನ್ನು ಕೊಡಿಸಿದ ಶಾಸ್ತ್ರವು, ಪರರ ಒತ್ತೆಯನ್ನು ಹಡಗಿಗೆ ಹಾಕೆಂದು ಎಲ್ಲಿಯೂ ಹೇಳಲಿಲ್ಲ. ಇನ್ನು ತನ್ನದೇ ಆದ, ಹೋದರೂ ಯಾರ ಎಲೆಯ ಅನ್ನವೂ ಕಡಿಮೆಯಾಗದ ಹಣವಾದರೆ, ಮನುಷ್ಯನು ಆಕಾಶಕ್ಕೆ ಏಣಿ ಹಾಕುವ ಈ ಸಾಹಸದಲ್ಲಿ ಒಂದು ಮೆಟ್ಟಿಲಿನ ಖರ್ಚು ತನ್ನದಿರಲಿ ಎಂದು ಒಬ್ಬನು ಬಯಸಿದರೆ ಅದನ್ನು ಮೂರ್ಖತನವೆನ್ನಲು ನನಗೆ ಬಾಯಿ ಬಾರದು. ಅದು ಹೂಡಿಕೆಯಲ್ಲ, ಜಾತ್ರೆಯಲ್ಲಿ ರಥದ ಹಗ್ಗಕ್ಕೆ ಕೈ ಹಾಕಿದಂತೆ.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಅಂದು ಅಳಿಯನಿಗೆ ಹೇಳಲಿಲ್ಲ. "ಯಾವ ದುಡ್ಡು?" ಎಂದು ಮಾತ್ರ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಶಾಲೆಗೆಂದು ಎತ್ತಿಟ್ಟದ್ದರಲ್ಲಿ ಸ್ವಲ್ಪ ಎಂದನು. ಆಮೇಲೆ ತಾನಾಗಿಯೇ ಮೊಬೈಲನ್ನು ಜೇಬಿಗೆ ಸೇರಿಸಿದನು. ಸಂಜೆ ಅವನು ಕಾರಿಗೆ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಬೆಂಗಳೂರಿಗೆ ಹೊರಟ ಮೇಲೆ, ದೀಪ ಹಚ್ಚುವ ಹೊತ್ತಿಗೆ ನಾನು ದೇವರ ಮನೆಯ ಬಾಗಿಲಲ್ಲಿ ನಿಂತಿದ್ದಾಗ, ಭಾವ ಬಂದು ಆ ಲಕೋಟೆಯನ್ನು ನಾಲ್ಕು ಮಡಿಕೆಯಾಗಿ ಮಡಿಸಿ, ಗೂಡಿನಲ್ಲಿದ್ದ, ಚಿಕ್ಕಮ್ಮ ಕೊಟ್ಟ ಗಂಗೆಯ ಗಿಂಡಿಯನ್ನು ಎತ್ತಿ, ಅದರ ಅಡಿಯಲ್ಲಿ ಇಟ್ಟರು. ಅಲ್ಲೇಕೆ ಎಂದು ಕೇಳಿದೆ.

"ಫ್ಯಾನಿನ ಗಾಳಿಗೆ ಹಾರಿಹೋಗುತ್ತಪ್ಪ" ಎಂದರು.